ಬ್ರೌಸರ್ ವೇಷದ ಲೈಬ್ರರಿ: ಬಳಸಿ ಕಲಿತದ್ದು

ಪೈಥಾನ್‌ನಲ್ಲಿ ಜಾಲತಾಣಗಳಿಂದ ಮಾಹಿತಿ ತರುವವರಿಗೆಲ್ಲ ಈ ಗೋಳು ಗೊತ್ತು. ಕ್ರೋಮ್‌ನಲ್ಲಿ ಸಲೀಸಾಗಿ ತೆರೆಯುವ ಲಿಂಕನ್ನೇ ರಿಕ್ವೆಸ್ಟ್ಸ್ ಲೈಬ್ರರಿಯಿಂದ ಕೇಳಿದರೆ 403 ಬರುತ್ತದೆ. ಯೂಸರ್ ಏಜೆಂಟ್ ಬದಲಿಸಿ, ಕುಕೀ ಹಾಕಿ, ಹೆಡರ್‌ಗಳನ್ನೆಲ್ಲ ನಕಲು ಮಾಡಿ ಕಳಿಸಿದರೂ ಮತ್ತೆ ಅದೇ 403. 2022ರಲ್ಲಿ ಬಂದ ಕರ್ಲ್-ಇಂಪರ್ಸನೇಟ್ ಮತ್ತು ಅದನ್ನು ಪೈಥಾನ್‌ಗೆ ತಂದ ಕರ್ಲ್_ಸಿಎಫ್ಎಫ್ಐ ಈ ಗಂಟನ್ನು ಬಿಡಿಸುತ್ತವೆ. ಬ್ರೌಸರ್ ತೆರೆಯದೆಯೇ ಸರ್ವರ್ ಜೊತೆ ಬ್ರೌಸರ್‌ನಂತೆ ಮಾತಾಡುವುದು ಇವುಗಳ ಕಸುಬು. ಮಾರುಕಟ್ಟೆ ದರ, ಟೆಂಡರ್ ಪ್ರಕಟಣೆಯಂಥ ಸಾರ್ವಜನಿಕ ಮಾಹಿತಿ ಒಟ್ಟುಮಾಡುವ ಕೆಲಸಕ್ಕೆ ನಾನು ಕರ್ಲ್_ಸಿಎಫ್ಎಫ್ಐ ಲೈಬ್ರರಿಯನ್ನು ಬಳಸುತ್ತ ಬಂದಿದ್ದೇನೆ. ಹೊಸಬರು ಕೇಳಿದಾಗ ಹೇಳುವ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

1. ವೇಷ ಬೇಕೇ ಎಂದು ಮೊದಲು ನೋಡಿ

ಎಪಿಎಂಸಿ ದರ ಬೇಕು ಎಂದ ತಕ್ಷಣ ಸ್ಕ್ರೇಪ್ ಮಾಡಲು ಕೂರುವವರೇ ಹೆಚ್ಚು. ದೇಶದ ಮಂಡಿಗಳ ದಿನದಿನದ ದರ ಡೇಟಾ.ಗವ್.ಇನ್ ತಾಣದಲ್ಲಿ ಎಪಿಐ ರೂಪದಲ್ಲೇ ಸಿಗುತ್ತದೆ; ನೋಂದಾಯಿಸಿ ಕೀ ಪಡೆದರೆ ಸಾಕು. ಇನ್ನು ಎಲ್ಲ 403ಕ್ಕೂ ಕಾರಣ ಒಂದೇ ಅಲ್ಲ. ನಮ್ಮ ಕೆಲವು ಸರ್ಕಾರಿ ತಾಣಗಳು ವಿದೇಶದ ಐಪಿಗೆ ಬಾಗಿಲನ್ನೇ ತೆಗೆಯುವುದಿಲ್ಲ. ಅಮೆರಿಕದ ಕ್ಲೌಡ್‌ನಲ್ಲಿ ಓಡುವ ನಿಮ್ಮ ಪ್ರೋಗ್ರಾಂ ಕ್ರೋಮ್‌ನಂತೆ ಕಂಡರೂ ಅಷ್ಟೇ, ಸಫಾರಿಯಂತೆ ಕಂಡರೂ ಅಷ್ಟೇ. ಅಲ್ಲಿ ಮುಂಬೈ ಸರ್ವರ್‌ಗೆ ಜಾಗ ಬದಲಿಸಿದರೆ ಮಾಮೂಲಿ ರಿಕ್ವೆಸ್ಟ್ಸೇ ಸಾಕಾಗಬಹುದು.

2. ಗುರುತು ಹಿಡಿಯುವುದು ಹೆಸರಿನಿಂದಲ್ಲ

ಯೂಸರ್ ಏಜೆಂಟ್ ಎಂದರೆ ನಾವೇ ಹೇಳಿಕೊಳ್ಳುವ ಹೆಸರು; ಅದನ್ನು ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಸರ್ವರ್ ನೋಡುವುದು ಅದಕ್ಕೂ ಮೊದಲು ನಡೆಯುವ ಟಿಎಲ್ಎಸ್ ಹ್ಯಾಂಡ್‌ಶೇಕನ್ನು. ಸಂಪರ್ಕ ಕೋರಿ ನಾವು ಕಳಿಸುವ ಮೊದಲ ಸಂದೇಶ ಕ್ಲೈಂಟ್ ಹಲೋ. ನನಗೆ ಗೊತ್ತಿರುವ ಸೈಫರ್‌ಗಳು ಇವು, ಎಕ್ಸ್‌ಟೆನ್ಷನ್‌ಗಳು ಇವು, ಕರ್ವ್‌ಗಳು ಇವು ಎಂದು ಅದರಲ್ಲಿ ಸಾಲಾಗಿ ಇರುತ್ತದೆ. ಪೈಥಾನ್ ಬಳಸುವುದು ಓಪನ್‌ಎಸ್ಎಸ್ಎಲ್, ಕ್ರೋಮ್ ಬಳಸುವುದು ಗೂಗಲ್‌ನ ಬೋರಿಂಗ್‌ಎಸ್ಎಸ್ಎಲ್, ಫೈರ್‌ಫಾಕ್ಸ್ ಬಳಸುವುದು ಎನ್ಎಸ್ಎಸ್. ಮೂರರ ಪಟ್ಟಿಯೂ ಬೇರೆ, ಕ್ರಮವೂ ಬೇರೆ. ಸೇಲ್ಸ್‌ಫೋರ್ಸ್‌ನ ಎಂಜಿನಿಯರ್‌ಗಳು 2017ರಲ್ಲಿ ಹೊರತಂದ ಜೆಎ3 ವಿಧಾನ ಈ ಪಟ್ಟಿಗಳನ್ನು ಒಂದು ಸಣ್ಣ ಹ್ಯಾಶ್ ಆಗಿ ಇಳಿಸುತ್ತದೆ. ಬಾಯಲ್ಲಿ ಕ್ರೋಮ್ ಎನ್ನುತ್ತ ಪೈಥಾನ್‌ನ ಹ್ಯಾಶ್ ಹೊತ್ತು ಬಂದವನನ್ನು ಹಿಡಿಯಲು ಇಷ್ಟು ಸಾಕು.

ಎಚ್‌ಟಿಟಿಪಿ/2ರಲ್ಲಿ ಇನ್ನೊಂದು ಸುತ್ತಿನ ತಪಾಸಣೆ. ಆ ಸಂಪರ್ಕ ಶುರುವಾಗುವಾಗ ಕಳಿಸುವ ಸೆಟ್ಟಿಂಗ್ಸ್ ಫ್ರೇಮಿನ ಅಂಕಿಗಳೇ ಬ್ರೌಸರನ್ನು ಹೇಳಿಬಿಡುತ್ತವೆ ಎಂದು ಅಕಮೈ ಸಂಸ್ಥೆಯವರು 2017ರಲ್ಲೇ ತೋರಿಸಿದ್ದರು. ಕ್ರೋಮ್ ತನ್ನ ಆರಂಭದ ವಿಂಡೋ ಗಾತ್ರವನ್ನು 62,91,456 ಎಂದು ಕಳಿಸುತ್ತದೆ. ಪ್ರತಿ ವಿನಂತಿಯ ಮೊದಲಿಗೆ ಹೋಗುವ ಸೂಡೋ ಹೆಡರ್‌ಗಳ ಕ್ರಮವೂ ಒಂದು ಗುರುತೇ: ಕ್ರೋಮ್‌ನಲ್ಲಿ ಅದು ಮೆಥಡ್, ಅಥಾರಿಟಿ, ಸ್ಕೀಮ್, ಪಾತ್. ಫೈರ್‌ಫಾಕ್ಸ್‌ನಲ್ಲಿ ಮೆಥಡ್ ಆದಮೇಲೆ ಪಾತ್ ಬರುತ್ತದೆ. ರಿಕ್ವೆಸ್ಟ್ಸ್ ಲೈಬ್ರರಿಗಂತೂ ಎಚ್‌ಟಿಟಿಪಿ/2 ಬರುವುದೇ ಇಲ್ಲ.

ಇಲ್ಲೊಂದು ಮೋಜಿನ ತಿರುವಿದೆ. 2023ರ ಆರಂಭದಿಂದ ಕ್ರೋಮ್ ತನ್ನ ಎಕ್ಸ್‌ಟೆನ್ಷನ್‌ಗಳ ಕ್ರಮವನ್ನು ಪ್ರತಿ ಸಂಪರ್ಕದಲ್ಲೂ ಕಲಸಿ ಕಳಿಸುತ್ತದೆ. ಸರ್ವರ್‌ಗಳು ಒಂದೇ ಕ್ರಮಕ್ಕೆ ಜೋತುಬೀಳಬಾರದು ಎಂಬುದು ಅದರ ಉದ್ದೇಶ. ಹಾಗಾಗಿ ಅಸಲಿ ಕ್ರೋಮ್‌ನ ಜೆಎ3 ಹ್ಯಾಶ್ ಸ್ಥಿರವಾಗಿ ನಿಲ್ಲುವುದಿಲ್ಲ. ಅದೇ ವರ್ಷ ಬಂದ ಜೆಎ4 ಈ ಕಾರಣಕ್ಕೇ ಪಟ್ಟಿಯನ್ನು ವಿಂಗಡಿಸಿ ಲೆಕ್ಕ ಹಾಕುತ್ತದೆ. ಎಲ್ಲಿಂದಲೋ ಒಂದು ಜೆಎ3 ಸಾಲನ್ನು ತಂದು ‘ಇದೇ ಕ್ರೋಮ್’ ಎಂದು ಕೋಡಿನಲ್ಲಿ ಅಂಟಿಸುವವರನ್ನು ಈಗಲೂ ನೋಡುತ್ತೇನೆ. ಪ್ರತಿ ಸಲವೂ ಕ್ರಮ ತಪ್ಪದೆ ಬರುವ ಕ್ರೋಮ್‌ಗಿಂತ ಅನುಮಾನಾಸ್ಪದ ಕ್ರೋಮ್ ಇನ್ನೊಂದಿಲ್ಲ.

3. ಲೈಬ್ರರಿ ಕೊಟ್ಟ ಹೆಡರ್‌ಗಳ ಮೇಲೆ ಕೈಯಾಡಿಸಬೇಡಿ

ಇಂಪರ್ಸನೇಟ್ ಎಂಬಲ್ಲಿ ಕ್ರೋಮ್ ಎಂದು ಬರೆದರೆ ಹ್ಯಾಂಡ್‌ಶೇಕ್, ಎಚ್‌ಟಿಟಿಪಿ/2 ಸೆಟ್ಟಿಂಗ್ಸ್, ಹೆಡರ್‌ಗಳು, ಅವುಗಳ ಕ್ರಮ ಎಲ್ಲವೂ ಒಂದಕ್ಕೊಂದು ಹೊಂದುವಂತೆ ಬರುತ್ತವೆ. ಈ ಹೊಂದಾಣಿಕೆಯೇ ಲೈಬ್ರರಿಯ ಬೆಲೆ. ನಾನು ಕಂಡ ವೈಫಲ್ಯಗಳಲ್ಲಿ ಬಹುಪಾಲು ಅದನ್ನು ಬಳಸುವವರೇ ಕೆಡಿಸಿದ್ದು. ಹಳೆಯ ಕೋಡಿನಲ್ಲಿದ್ದ ವಿಂಡೋಸ್ ಯೂಸರ್ ಏಜೆಂಟನ್ನು ಅಭ್ಯಾಸಬಲದಿಂದ ಇಲ್ಲಿಯೂ ಸೇರಿಸುತ್ತಾರೆ. ಆದರೆ ಪ್ಲಾಟ್‌ಫಾರ್ಮ್ ಹೇಳುವ ಸೆಕ್-ಸಿಎಚ್ ಹೆಡರ್ ಮ್ಯಾಕ್‌ಓಎಸ್ ಎಂದೇ ಉಳಿದಿರುತ್ತದೆ. ಆವೃತ್ತಿ ಒಂದು ಕಡೆ 124, ಇನ್ನೊಂದು ಕಡೆ 98. ಬಯಲಾಟದಲ್ಲಿ ರಾವಣನ ಕಿರೀಟ ತೊಟ್ಟು ಹಾಸ್ಯಗಾರ ಹನುಮನಾಯಕನ ಕುಣಿತ ಕುಣಿದರೆ ಮುಂದಿನ ಸಾಲಿನವರಿಗಷ್ಟೇ ಅಲ್ಲ, ಚಾಪೆಯ ಕೊನೆಯಲ್ಲಿ ಮಲಗಿದವನಿಗೂ ಗೊತ್ತಾಗುತ್ತದೆ. ವೇಷವಿಲ್ಲದ ಪೈಥಾನ್ ಕ್ಲೈಂಟ್‌ಗಿಂತ ತಾಳೆಯಾಗದ ಕ್ರೋಮ್ ಹೆಚ್ಚು ಬೇಗ ಸಿಕ್ಕಿಬೀಳುತ್ತದೆ.

4. ಪುಟ ತೆರೆಯುವುದು ಬೇರೆ, ದತ್ತಾಂಶ ತರಿಸುವುದು ಬೇರೆ

ಮೇಲಿನ ಮಾತಿಗೆ ಒಂದು ಅಪವಾದವಿದೆ. ಲೈಬ್ರರಿ ಕೊಡುವ ಹೆಡರ್‌ಗಳು ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದವರ ಹೆಡರ್‌ಗಳು: ಸೆಕ್-ಫೆಚ್-ಮೋಡ್ ನ್ಯಾವಿಗೇಟ್, ಸೆಕ್-ಫೆಚ್-ಡೆಸ್ಟ್ ಡಾಕ್ಯುಮೆಂಟ್. ಪುಟ ತೆರೆದ ಮೇಲೆ ಒಳಗಿನ ಜಾವಾಸ್ಕ್ರಿಪ್ಟ್ ಜೇಸನ್ ತರಿಸುವಾಗ ಅಸಲಿ ಬ್ರೌಸರ್ ಮೋಡ್ ಜಾಗದಲ್ಲಿ ಕಾರ್ಸ್, ಡೆಸ್ಟ್ ಜಾಗದಲ್ಲಿ ಎಂಪ್ಟಿ ಎಂದು ಕಳಿಸುತ್ತದೆ. ರೆಫರರ್ ಸಾಮಾನ್ಯವಾಗಿ ಜೊತೆಗಿರುತ್ತದೆ. ಎಪಿಐ ಲಿಂಕನ್ನು ಪುಟದಂತೆ ಕೇಳಿದರೆ ಕಟ್ಟುನಿಟ್ಟಿನ ಸರ್ವರ್ ಒಪ್ಪುವುದಿಲ್ಲ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ನೋಡಿ ಈ ಕೆಲವನ್ನು ಮಾತ್ರ ಬದಲಿಸಿ. ಸೆಷನ್ ಒಂದೇ ಇರಲಿ. ಪ್ರತಿ ಸಲ ಹೊಸ ಸಂಪರ್ಕ ತೆರೆದರೆ ಕುಕೀಯೂ ಹೋಗುತ್ತದೆ, ಸರ್ವರ್‌ಗೂ ಹೊರೆ.

5. ಕನ್ನಡಿ ಸರಿಯಿದೆಯೇ ನೋಡಿ

ಏನು ಹೋಗುತ್ತಿದೆ ಎಂದು ನೋಡಲು ಮಿಟ್ಮ್‌ಪ್ರಾಕ್ಸಿ ಇಟ್ಟವರು ಬೇಸ್ತು ಬೀಳುತ್ತಾರೆ. ಅದು ಮಧ್ಯದಲ್ಲಿ ಟಿಎಲ್ಎಸ್ ಸಂಪರ್ಕವನ್ನು ಮುರಿದು ತಾನೇ ಹೊಸದು ಕಟ್ಟುತ್ತದೆ. ಸರ್ವರ್ ನೋಡುವುದು ಪ್ರಾಕ್ಸಿಯ ಗುರುತನ್ನು. ಕಚೇರಿಯ ಫೈರ್‌ವಾಲ್, ಎಚ್‌ಟಿಟಿಪಿಎಸ್ ತಪಾಸಣೆ ಮಾಡುವ ಆಂಟಿವೈರಸ್ ಕೂಡ ಇದನ್ನೇ ಮಾಡುತ್ತವೆ. ಮನೆಯಲ್ಲಿ ಓಡಿದ್ದು ಕಚೇರಿಯಲ್ಲಿ ಓಡದಿದ್ದರೆ ಮೊದಲು ಇಲ್ಲಿ ಅನುಮಾನ ಪಡಿ. ಬರೀ ಕನೆಕ್ಟ್ ವಿಧಾನದ ಪ್ರಾಕ್ಸಿಯಿಂದ ಈ ತೊಂದರೆಯಿಲ್ಲ. ಬ್ರೌಸರ್‌ಲೀಕ್ಸ್‌ನ ಟಿಎಲ್ಎಸ್ ಪುಟ ನಿಮ್ಮ ಗುರುತನ್ನು ಜೇಸನ್ ಆಗಿ ಹಿಂದಿರುಗಿಸುತ್ತದೆ. ಅಸಲಿ ಕ್ರೋಮ್‌ನಿಂದಲೂ ಅದನ್ನೇ ತೆರೆದು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದು ಎಚ್ಚರಿಕೆ: ಅದೇ ಸರ್ವರ್‌ಗೆ ಎರಡನೇ ಸಲ ಹೋದಾಗ ಹಳೆಯ ಟಿಎಲ್ಎಸ್ ಸೆಷನ್ ಮುಂದುವರಿಸಲು ಒಂದು ಎಕ್ಸ್‌ಟೆನ್ಷನ್ ಹೆಚ್ಚುವರಿಯಾಗಿ ಸೇರಬಹುದು. ಆಗ ವ್ಯತ್ಯಾಸ ಕಂಡರೆ ಗಾಬರಿ ಬೇಡ.

6. ಸರ್ಟಿಫಿಕೇಟ್ ದೋಷಕ್ಕೆ ವೆರಿಫೈ ಫಾಲ್ಸ್ ಮದ್ದಲ್ಲ

ನಮ್ಮ ಸಾರ್ವಜನಿಕ ತಾಣಗಳಲ್ಲಿ ಪದೇಪದೇ ಎದುರಾಗುವ ತೊಂದರೆ ಇದು. ಸರ್ವರ್ ತನ್ನ ಸರ್ಟಿಫಿಕೇಟ್ ಜೊತೆ ಅದಕ್ಕೆ ಸಹಿ ಹಾಕಿದ ಮಧ್ಯದ ಸರ್ಟಿಫಿಕೇಟನ್ನೂ ಕಳಿಸಬೇಕು. ಸರ್ವರ್ ಜೋಡಿಸಿದವರು ಅದನ್ನು ಮರೆತಿರುತ್ತಾರೆ. ಕ್ರೋಮ್ ಜಾಣ, ಸರ್ಟಿಫಿಕೇಟಿನೊಳಗೆ ಬರೆದಿರುವ ವಿಳಾಸಕ್ಕೆ ಹೋಗಿ ಕಳೆದ ಕೊಂಡಿಯನ್ನು ತಾನೇ ತಂದುಕೊಳ್ಳುತ್ತದೆ. ಫೈರ್‌ಫಾಕ್ಸ್ ಅಂಥ ಸರ್ಟಿಫಿಕೇಟ್‌ಗಳನ್ನು ಮೊದಲೇ ಕೂಡಿಟ್ಟುಕೊಂಡಿರುತ್ತದೆ. ನಮ್ಮ ಲೈಬ್ರರಿ ಕ್ರೋಮ್‌ನ ಹ್ಯಾಂಡ್‌ಶೇಕನ್ನು ಅನುಕರಿಸುತ್ತದೆಯೇ ಹೊರತು ಈ ಜಾಣತನವನ್ನಲ್ಲ. ಹಾಗಾಗಿ ಬ್ರೌಸರ್‌ನಲ್ಲಿ ಸಲೀಸಾಗಿ ತೆರೆಯುವ ತಾಣವೇ ಇಲ್ಲಿ ಸರ್ಟಿಫಿಕೇಟ್ ದೋಷ ಎನ್ನುತ್ತದೆ. ಆಗ ಎಲ್ಲರ ಕೈಯೂ ಪರಿಶೀಲನೆ ಆಫ್ ಮಾಡುವತ್ತ ಹೋಗುತ್ತದೆ. ಹಾಗೆ ಮಾಡಿದರೆ ಮಧ್ಯದಲ್ಲಿ ಕೂತ ಯಾರು ಬೇಕಾದರೂ ಅಡಿಕೆ ದರವನ್ನು ತಿದ್ದಿ ಕೊಡಬಹುದು, ನಿಮಗೆ ಸುಳಿವೇ ಸಿಗದು. ಬ್ರೌಸರ್‌ನ ಸರ್ಟಿಫಿಕೇಟ್ ವ್ಯೂವರ್‌ನಿಂದ ಮಧ್ಯದ ಸರ್ಟಿಫಿಕೇಟನ್ನು ಇಳಿಸಿಕೊಂಡು ನಿಮ್ಮ ಸಿಎ ಬಂಡಲ್‌ಗೆ ಸೇರಿಸಿ. ಹತ್ತು ನಿಮಿಷದ ಕೆಲಸ.

7. ಕನ್ನಡ ಪಠ್ಯ ಕೈಗೆ ಬಂದಾಗ

ರಿಕ್ವೆಸ್ಟ್ಸ್‌ನಿಂದ ಬಂದವರಿಗೆ ಒಂದು ಹಳೆಯ ಕಾಟ ನೆನಪಿರಬಹುದು. ಸರ್ವರ್ ಕ್ಯಾರೆಕ್ಟರ್ ಸೆಟ್ ಹೇಳದಿದ್ದರೆ ಅದು ಐಎಸ್ಒ-8859-1 ಎಂದು ಊಹಿಸಿ ಕನ್ನಡವನ್ನು ಕಲಸುಮೇಲೋಗರ ಮಾಡುತ್ತಿತ್ತು. ಕರ್ಲ್_ಸಿಎಫ್ಎಫ್ಐ ಯುಟಿಎಫ್-8 ಎಂದು ಊಹಿಸುವುದರಿಂದ ಆ ಕಾಟ ತಪ್ಪುತ್ತದೆ. ಆದರೆ ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ತಯಾರಾದ ಕಡತಗಳು ಇನ್ನೂ ಜಾಲದಲ್ಲಿವೆ. ಅಲ್ಲಿರುವುದು ಯುನಿಕೋಡ್ ಕನ್ನಡವಲ್ಲ, ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಅಕ್ಷರದ ತುಂಡುಗಳು. ಫಾಂಟ್ ಇದ್ದ ಕಡೆ ಕನ್ನಡವಾಗಿ ಕಂಡದ್ದು ನಿಮ್ಮ ಪ್ರೋಗ್ರಾಂಗೆ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಬರುತ್ತದೆ. ಇದು ಎನ್‌ಕೋಡಿಂಗ್ ಬದಲಿಸಿದರೆ ಸರಿಹೋಗುವ ದೋಷವಲ್ಲ. ಆಸ್ಕಿಯಿಂದ ಯುನಿಕೋಡ್‌ಗೆ ತರುವ ಪರಿವರ್ತಕವೇ ಬೇಕು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಪರಿವರ್ತಕಗಳೂ ಎಡವುತ್ತವೆ. ಊರಿನ ಹೆಸರುಗಳನ್ನು ಗ್ರಾಮಗಳ ಪಟ್ಟಿಯೊಂದರ ಜೊತೆ ತಾಳೆ ನೋಡದೆ ಮುಂದೆ ಹೋಗಬೇಡಿ.

8. ಲೈಬ್ರರಿಗೆ ಆಗದ ಕೆಲಸಗಳು

ಇದು ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ‘ಜಸ್ಟ್ ಎ ಮೊಮೆಂಟ್’ ಎಂಬ ಶೀರ್ಷಿಕೆಯ ಪುಟ ಬಂದರೆ ಅದು ಜಾವಾಸ್ಕ್ರಿಪ್ಟ್ ಪರೀಕ್ಷೆ. ಇಲ್ಲಿ ಪಾಸಾಗುವ ದಾರಿಯಿಲ್ಲ. ಪ್ಲೇರೈಟ್‌ನಂಥ ಸಾಧನದಿಂದ ನಿಜವಾದ ಬ್ರೌಸರನ್ನೇ ಓಡಿಸಬೇಕು, ಇಲ್ಲವೇ ಆ ತಾಣವನ್ನು ಬಿಡಬೇಕು. ಕೆಲವು ತಾಣಗಳು 200 ಎಂದು ಹೇಳಿ ತಡೆಪುಟ ಕೊಡುತ್ತವೆ. ಆದ್ದರಿಂದ ಸ್ಟೇಟಸ್ ಕೋಡ್ ನಂಬದೆ, ಬೇಕಾದ ಕೋಷ್ಟಕ ಬಂದಿದೆಯೇ ಎಂದು ನೋಡಿ ಮುಂದುವರಿಯಿರಿ. ಡೇಟಾ ಸೆಂಟರ್‌ನ ಐಪಿಯನ್ನು ಯಾವ ವೇಷವೂ ಮುಚ್ಚುವುದಿಲ್ಲ. ವಿಂಡೋಸ್ ಎಂದು ಹೇಳಿಕೊಂಡು ಲಿನಕ್ಸ್ ಸರ್ವರ್‌ನಿಂದ ಹೋದರೆ ಪ್ಯಾಕೆಟ್‌ನ ಟಿಟಿಎಲ್ ಕೂಡ ಚಾಡಿ ಹೇಳುತ್ತದೆ: ವಿಂಡೋಸ್ ಸಾಮಾನ್ಯವಾಗಿ 128ರಿಂದ ಶುರುಮಾಡುತ್ತದೆ, ಲಿನಕ್ಸ್ 64ರಿಂದ.

9. ಎಲ್ಲಿಯವರೆಗೆ ಹೋಗಬಹುದು

ಈ ವಿದ್ಯೆ ಹುಟ್ಟಿದ್ದು ಕಳ್ಳತನಕ್ಕಲ್ಲ. ಗೋ ಭಾಷೆಯ ಯುಟಿಎಲ್ಎಸ್ ಲೈಬ್ರರಿ ಇಂಟರ್ನೆಟ್ ಸೆನ್ಸಾರ್‌ಶಿಪ್ ದಾಟುವ ಸಂಶೋಧನೆಯಿಂದ ಬಂದದ್ದು. ತಡೆ ದಾಟಿಸುವ ಸಾಧನಗಳ ಹ್ಯಾಂಡ್‌ಶೇಕ್ ಸಾಮಾನ್ಯ ಬ್ರೌಸರ್‌ಗಳದ್ದಕ್ಕಿಂತ ಭಿನ್ನವಾಗಿದ್ದರೆ ಸೆನ್ಸಾರ್ ಮಾಡುವವರಿಗೆ ಅವನ್ನು ಹೆಕ್ಕಿ ತಡೆಯುವುದು ಸುಲಭ. ಗುಂಪಿನಲ್ಲಿ ಒಂದಾಗುವುದೇ ರಕ್ಷಣೆ. ಬೆಲೆಪಟ್ಟಿ ತರಲು ಹೊರಟ ನಮಗೆ ಆ ಸಮರ್ಥನೆ ಅನ್ವಯಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಲಾಗಿನ್ ಹಿಂದಿನದ್ದನ್ನು, ಜನರ ವೈಯಕ್ತಿಕ ವಿವರಗಳನ್ನು ನಾನು ಮುಟ್ಟುವುದಿಲ್ಲ. ಐಟಿ ಕಾಯ್ದೆ 2000ದ 43ನೇ ಕಲಮಿನಲ್ಲಿ ಅನುಮತಿಯಿಲ್ಲದೆ ದತ್ತಾಂಶ ಇಳಿಸಿಕೊಳ್ಳುವುದರ ಪ್ರಸ್ತಾಪವಿದೆ. ವಾಣಿಜ್ಯ ಕೆಲಸವಾದರೆ ವಕೀಲರನ್ನು ಕೇಳಿ. ರೋಬಾಟ್ಸ್.ಟಿಎಕ್ಸ್‌ಟಿ 1994ರಿಂದ ರೂಢಿಯಲ್ಲಿದ್ದು 2022ರಲ್ಲಿ ಆರ್‌ಎಫ್‌ಸಿ 9309 ಆಗಿ ಅಧಿಕೃತವಾಯಿತು. ನಮ್ಮ ಲೈಬ್ರರಿ ಅದನ್ನು ತಾನಾಗಿ ಓದುವುದಿಲ್ಲ, ನೀವೇ ಓದಬೇಕು. 429 ಬಂದರೆ ನಿಲ್ಲಿಸಿ, ರಿಟ್ರೈ-ಆಫ್ಟರ್ ಹೆಡರ್ ಹೇಳಿದಷ್ಟು ಹೊತ್ತು ಕಾಯಿರಿ. ಜಿಲ್ಲಾ ಮಟ್ಟದ ಎಷ್ಟೋ ತಾಣಗಳು ಒಂದೇ ಬಡಪಾಯಿ ಸರ್ವರ್ ಮೇಲೆ ಓಡುತ್ತಿರುತ್ತವೆ. ಹಗಲಿನಲ್ಲಿ ನಿಮ್ಮ ನೂರು ಥ್ರೆಡ್‌ಗಳು ಅದನ್ನು ಮುತ್ತಿದರೆ, ಪಹಣಿಗೆ ಕಾದು ಕೂತ ರೈತರೊಬ್ಬರ ಪುಟ ತೆರೆಯುವುದಿಲ್ಲ.

10. ವೇಷಕ್ಕೂ ವಯಸ್ಸಾಗುತ್ತದೆ

2021ರಲ್ಲಿ ಕ್ರೋಮ್ ನಾಲ್ಕು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡಲು ಶುರುಮಾಡಿತು, ಅದೂ ತಾನಾಗಿಯೇ ಅಪ್‌ಡೇಟ್ ಆಗುತ್ತದೆ. ಅಂದಮೇಲೆ ವರ್ಷಗಳಷ್ಟು ಹಳೆಯ ಕ್ರೋಮ್ ಆಗಿ ಓಡಾಡುವವರು ವಿರಳ. ಕೆಲವೊಮ್ಮೆ ಬದಲಾವಣೆ ದೊಡ್ಡದೇ ಇರುತ್ತದೆ. 2024ರಲ್ಲಿ ಕ್ರೋಮ್ 124 ಕ್ವಾಂಟಂ ಕಂಪ್ಯೂಟರ್‌ಗೂ ಮಣಿಯದಂಥ ಕೀ ವಿನಿಮಯವನ್ನು ಡೆಸ್ಕ್‌ಟಾಪ್ ಬಳಕೆದಾರರೆಲ್ಲರಿಗೂ ಶುರುಮಾಡಿತು. ಅದರ ಕೀ ಒಂದೇ 1,200 ಬೈಟ್ ದಾಟುತ್ತದೆ. ಕ್ಲೈಂಟ್ ಹಲೋ ಒಂದು ಪ್ಯಾಕೆಟ್‌ನಲ್ಲಿ ಹಿಡಿಸದಾಯಿತು. ಅದೇ ವರ್ಷ 131ರಲ್ಲಿ ಆ ಕೀ ವಿನಿಮಯದ ವಿಧಾನವೂ ಬದಲಾಯಿತು. ನಿನ್ನೆಯವರೆಗೆ ಓಡಿದ ಕೋಡ್ ಇಂದು ನಿಂತರೆ ಕೋಡ್ ತಿದ್ದುವ ಮುನ್ನ ಲೈಬ್ರರಿಯನ್ನು ಅಪ್‌ಗ್ರೇಡ್ ಮಾಡಿ ನೋಡಿ. ಆವೃತ್ತಿ ಸಂಖ್ಯೆ ಹಾಕದೆ ಬರೀ ಕ್ರೋಮ್ ಎಂದು ಬರೆದಿದ್ದರೆ ಲೈಬ್ರರಿಗೆ ಗೊತ್ತಿರುವ ಹೊಸ ಕ್ರೋಮ್ ತಾನಾಗಿ ಬರುತ್ತದೆ. ಅಪ್‌ಗ್ರೇಡ್ ಆದಾಗಲೆಲ್ಲ ಬ್ರೌಸರ್‌ಲೀಕ್ಸ್‌ನ ಜೇಸನನ್ನು ದಿನಾಂಕ ಹಾಕಿ ಉಳಿಸಿಡಿ, ಲಾಗ್‌ನಲ್ಲಿ ಲೈಬ್ರರಿಯ ಆವೃತ್ತಿಯೂ ಇರಲಿ. ಮುಂದಿನ ಸಲ 403 ಬಂದಾಗ ಬದಲಾದದ್ದು ತಾಣವೋ ನಿಮ್ಮ ಕ್ಲೈಂಟೋ ಎಂದು ಎರಡು ಕಡತ ಹೋಲಿಸಿ ಹೇಳಬಹುದು.