ಕಪ್ಪಿಗೆ ಅಂಜಬ್ಯಾಡ ತಂಗಿ

ತಂಗೀ,

ನೀ ಕಳಿಸಿದ ವಸ್ತುಚಿತ್ರ ಮುಟ್ಟಿತು. ತಾಮ್ರದ ಚರಿಗಿ, ಎರಡು ಮುಳಗಾಯಿ, ಹಿಂದೆ ಇಳಿಬಿಟ್ಟ ಕಪ್ಪು ಚಂದ್ರಕಾಳಿ ಸೀರೆ. ಜೋಡಣೆ ಚಲೋ ಇದೆ, ಗೆರೆಯೂ ಸರಿಯಿದೆ. ಆದರೆ ಚಂದ್ರಕಾಳಿ ಬೂದುಬಣ್ಣಕ್ಕೆ ಇಳಿದಿದೆ, ಮುಳಗಾಯಿ ತಿಳಿನೇರಳೆಯಲ್ಲೇ ನಿಂತಿದೆ. ಚರಿಗಿ ಹೊಳೆಯಲಿ ಅಂತ ಬಿಳಿ ಬಣ್ಣ ಬೇರೆ ಮೆತ್ತಿದ್ದೀ. ಅಲ್ಲಿ ಬೇಕಾಗಿದ್ದದ್ದು ಬಿಳಿಯಲ್ಲ, ಅದರ ಮಗ್ಗುಲಿಗೆ ಕಪ್ಪು. ನಿನ್ನ ಓರಗೆಯ ಬಹಳ ಮಂದಿಗೆ ಇದೇ ಅಂಜಿಕೆ ಇರುವುದರಿಂದ ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ, ಬೇಜಾರಾಗಬೇಡ.

ಜಲವರ್ಣದಲ್ಲಿ ಬೆಳಕು ಕಾಗದದ್ದು. ಕುಂಚ ಆಡಿಸಿದಷ್ಟೂ ಅದು ಕಡಿಮೆಯಾಗುತ್ತದೆ, ಮರಳಿ ತರುವುದು ಕಷ್ಟ. ಅದಕ್ಕೇ ಕೈ ಹಿಂಜರಿಯುತ್ತದೆ. ತೆಳುವಾಗಿ ಹಚ್ಚುತ್ತೀ, ಒಣಗಿದ ಮೇಲೆ ಸಾಲದೆನಿಸಿ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಅಷ್ಟರಲ್ಲಿ ಕೆಳಗಿನ ಬಣ್ಣ ಎದ್ದು ಎಲ್ಲ ರಾಡಿ. ಕಡುಬಣ್ಣವನ್ನು ಒಂದೇ ಸಲಕ್ಕೆ, ಹೆಚ್ಚೆಂದರೆ ಎರಡು ಸಲಕ್ಕೆ ಮುಗಿಸಬೇಕು.

ನವಲಗುಂದದ ಕಡೆ ಎರಿ ಹೊಲ ನೋಡಿದ್ದೀಯಲ್ಲ? ಮಳೆಯಾದ ಮರುದಿನ ಕಡುಗಪ್ಪು, ನಾಕು ದಿನ ಬಿಸಿಲು ಬಿದ್ದರೆ ಬೂದು. ಹಾಳೆಯ ಮೇಲಿನ ಬಣ್ಣವೂ ಹಾಗೇ, ಹಸಿಯಿದ್ದಾಗ ಕಂಡಷ್ಟು ಕಪ್ಪು ಒಣಗಿದಾಗ ಉಳಿಯುವುದಿಲ್ಲ. ಹಚ್ಚುವಾಗ ‘ಅತಿಯಾಯ್ತು’ ಅನ್ನಿಸಿದರೆ ಬಹುಶಃ ಸರಿಯಾಗಿದೆ. ಅಷ್ಟು ಕಪ್ಪಿಗೆ ಟ್ಯೂಬಿನಿಂದ ಆಗಷ್ಟೇ ಹಿಂಡಿದ ಬಣ್ಣ ಬೇಕು. ಕುಂಚದ ನೀರನ್ನು ಬಟ್ಟೆಗೆ ಒತ್ತಿ ತೆಗೆದು ಆಮೇಲೆ ಬಣ್ಣಕ್ಕೆ ಅದ್ದು. ಒಣಗಿದ ಬಿಲ್ಲೆಯನ್ನು ತಿಕ್ಕಿ ತಿಕ್ಕಿ ಕಪ್ಪು ತೆಗೆಯಲು ಹೋದರೆ ಕುಂಚವೇ ಸವೆಯುತ್ತದೆ. ಕಾಗದದಲ್ಲಿ ಉಳಿತಾಯ ಮಾಡು ಬೇಕಾದರೆ, ಬಣ್ಣದಲ್ಲಿ ಬೇಡ. (ಕಾಗದದ ಅಂಗಡಿಯವರು ಇದನ್ನು ಒಪ್ಪಲಿಕ್ಕಿಲ್ಲ.)

ಕರಿ ಟ್ಯೂಬ್ ಮುಟ್ಟಲೇಬಾರದು ಎಂಬ ಮಡಿ ನನಗಿಲ್ಲ. ಆದರೆ ಅದೊಂದನ್ನೇ ಎಲ್ಲ ಕಡೆ ಹಚ್ಚಿದರೆ ಚಿತ್ರದಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ವಿಲಿಯಂ ಪೇನ್ ಎಂಬ ಜಲವರ್ಣದ ಮೇಷ್ಟ್ರಿದ್ದರು. ಪ್ರಷ್ಯನ್ ಬ್ಲೂ, ಯೆಲ್ಲೋ ಓಕರ್, ಕ್ರಿಮ್ಸನ್ ಲೇಕ್ ಬೆರೆಸಿ, ಕಪ್ಪಿಲ್ಲದೆಯೇ ಅವರು ಮಾಡಿಕೊಂಡ ಬೂದು ಇಂದಿಗೂ ಪೇನ್ಸ್ ಗ್ರೇ ಎಂಬ ಹೆಸರಲ್ಲಿ ಸಿಗುತ್ತದೆ. ತಮಾಷೆಯೆಂದರೆ ಈಗಿನ ಎಷ್ಟೋ ಪೇನ್ಸ್ ಗ್ರೇ ಟ್ಯೂಬುಗಳಲ್ಲಿ ಕಪ್ಪೇ ಬೆರೆತಿರುತ್ತದೆ! ನೀ ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಎರಡನ್ನೇ ಬೆರೆಸು. ನೀಲಿ ಮುಂದಾದರೆ ಚಂದ್ರಕಾಳಿಯ ತಂಪು ಕಪ್ಪು, ಸಿಯೆನ್ನಾ ಮುಂದಾದರೆ ಚರಿಗಿಯ ನೆರಳಿನ ಬಿಸಿ ಕಪ್ಪು. ಮುಳಗಾಯಿಗಾದರೆ ಕ್ರಿಮ್ಸನ್ನಿಗೆ ಪ್ರಷ್ಯನ್ ಬ್ಲೂ ಸೇರಿಸು, ಸಿಯೆನ್ನಾ ಒಂದು ಚೂರು.

ಎಲ್ಲಿ ಹಚ್ಚಬೇಕು ಅನ್ನುವುದು ಇದಕ್ಕಿಂತ ದೊಡ್ಡ ಮಾತು. ಕಣ್ಣು ಅರೆಮುಚ್ಚಿ ನೋಡು. ಮುಳಗಾಯಿಯ ನೆರಳಿನ ಬದಿಯೂ ಸೀರೆಯೂ ಒಂದೇ ಕಪ್ಪಾಗಿ ಕೂಡುತ್ತವೆ. ನೀ ಮಾತ್ರ ನಡುವೆ ಗೆರೆ ಎಳೆದು ಬೇರೆ ಮಾಡಿದ್ದೀ. ಬಿಡು, ಕೂಡಲಿ. ಕಾಯಿ ಕಾಯಿಯೇ ಅನ್ನುವುದನ್ನು ತೊಟ್ಟಿನ ಹಸಿರು ಹೇಳುತ್ತದೆ. ಎಲ್ಲಕ್ಕಿಂತ ಕಡುಗಪ್ಪು ಚರಿಗಿಯ ತಳ ಮೇಜಿಗೆ ತಾಗುವ ಸಣ್ಣ ಸಂದಿನಲ್ಲಿದೆ. ಅಲ್ಲಿಂದ ಹೊರಟ ನೆರಳು ದೂರ ಹೋದಷ್ಟೂ ತಿಳಿಯಾಗಿ ಅಂಚು ಮೆತ್ತಗಾಗುತ್ತದೆ. ಚರಿಗಿಯ ಹೊಟ್ಟೆಯ ಕತ್ತಲಲ್ಲಿ ಮೇಜಿನ ಬೆಳಕು ಮರಳಿ ಬಿದ್ದು ಕೆಂಪಗಿನ ಪಟ್ಟಿಯೊಂದು ಕಾಣುತ್ತದೆ, ಅದನ್ನು ಮುಚ್ಚಬೇಡ. ಸಂಶಯ ಬಂದರೆ ಮೊಬೈಲಿನಲ್ಲಿ ಫೋಟೋ ತೆಗೆದು ಬಣ್ಣ ಕಳೆದು ನೋಡು.

ಡಿ.ವಿ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿದ ಊರು ನಮ್ಮ ಧಾರವಾಡ. ಅವರು ಕಲಿತುಬಂದ ಮುಂಬಯಿಯ ಜೆ.ಜೆ. ಶಾಲೆಯ ಪದ್ಧತಿಯಲ್ಲಿ ಬಣ್ಣಕ್ಕಿಂತ ಮೊದಲು ನೆರಳು-ಬೆಳಕಿನ ಅಭ್ಯಾಸ. ನೀನೂ ಇದೇ ಚರಿಗಿಯನ್ನು ಮೊದಲು ಬರ್ಂಟ್ ಅಂಬರ್ ಒಂದರಲ್ಲೇ ಬರೆ.

ಈಗ ಜಿಟಿಜಿಟಿ ಮಳೆ ಹಿಡಿದಿದೆ, ಹಾಳೆ ಬೇಗ ಒಣಗದು. ಅವಸರಕ್ಕೆ ಒದ್ದೆಯ ಮೇಲೇ ಎರಡನೆಯ ಕಪ್ಪು ಹಚ್ಚಬೇಡ. ಮುಂದಿನ ಸಲ ಮನೆಗೆ ಬರುವಾಗ ಚಿತ್ರ ತರದಿದ್ದರೂ ನಡೆದೀತು. ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ ಬೆರೆಸಿ ತೆಗೆದ ಪಟ್ಟಿಗಳ ಹಾಳೆ ತಗೊಂಡು ಬಾ, ಪ್ರತಿ ಪಟ್ಟಿಯ ಕೆಳಗೆ ಯಾವುದು ಎಷ್ಟು ಅಂತ ಬರೆದಿರಲಿ.

ಇಂತಿ,
ನಿನ್ನ ಕಾಕಾ