ಹಳೆಯ ವಿದ್ಯುತ್ ಕಾರಿಗೆ ಹೊಸ ಬ್ಯಾಟರಿ

ಕೈದೀಪದ ಬೆಳಕು ಮಂಕಾಯಿತೆಂದರೆ ನಾವು ದೀಪವನ್ನೇ ಬಿಸಾಡುವುದಿಲ್ಲ. ಅದರೊಳಗಿನ ಸೆಲ್ಲುಗಳನ್ನು ತೆಗೆದು ಹೊಸ ಸೆಲ್ಲುಗಳನ್ನು ಹಾಕುತ್ತೇವೆ. ವಿದ್ಯುಚ್ಛಕ್ತಿಯಿಂದ ಓಡುವ ಮೋಟಾರು ಕಾರಿಗೂ ಇದೇ ನ್ಯಾಯ ಸಲ್ಲಬೇಕು. ಆದರೆ ಅಲ್ಲಿ ಕೆಲಸ ಅಷ್ಟು ಸುಲಭವಲ್ಲ. ಆ ಕಾರಿನ ಬೆಲೆಯಲ್ಲಿ ಬಹುದೊಡ್ಡ ಪಾಲು ಅದರ ಬ್ಯಾಟರಿಯದು. ಹತ್ತು ಹನ್ನೆರಡು ವರ್ಷ ಓಡಿದ ಕಾರಿಗೆ ಹೊಸ ಬ್ಯಾಟರಿ ಹಾಕಿಸಹೊರಟರೆ, ಬ್ಯಾಟರಿಯ ಬೆಲೆಯು ಕಾರಿನ ಬೆಲೆಯನ್ನೇ ಮೀರುವುದುಂಟು. ಆದ ಕಾರಣ ಗಾಲಿ, ಮೋಟಾರು, ಮೈಕಟ್ಟು ಎಲ್ಲವೂ ನೆಟ್ಟಗಿರುವ ಕಾರು ಕೂಡ ಒಂದೇ ಒಂದು ಅಂಗ ದಣಿಯಿತೆಂದು ಗುಜರಿಗೆ ಸೇರಬಹುದು. ಇದು ಅನಿವಾರ್ಯವೇ? ಬ್ಯಾಟರಿ ಏಕೆ ದಣಿಯುತ್ತದೆ, ಒಂದು ಭಾಗವನ್ನು ಬದಲಿಸಿದರೆ ಸಾಕೇ ಅಥವಾ ಇಡಿಯಾಗಿ ಬದಲಿಸಬೇಕೇ, ಬದಲಿಸುವ ಕೆಲಸ ಹೇಗೆ ನಡೆಯುತ್ತದೆ, ಹಳೆಯದು ಎಲ್ಲಿಗೆ ಹೋಗಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ಮೊದಲು ಬ್ಯಾಟರಿಯ ರಚನೆಯನ್ನು ಅರಿಯುವುದು ಅವಶ್ಯಕ. ಕಾರಿನ ಬ್ಯಾಟರಿಯೆಂಬುದು ಒಂದೇ ವಸ್ತುವಲ್ಲ; ಅದೊಂದು ಸಮುದಾಯ. ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ೨೦೦೧ರಲ್ಲಿ ಬೆಂಗಳೂರಿನಲ್ಲಿ ‘ರೇವಾ’ ಎಂಬ ಚಿಕ್ಕ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತು. ಶ್ರೀ ಚೇತನ್ ಮೈನಿಯವರ ನೇತೃತ್ವದಲ್ಲಿ ತಯಾರಾದ ಈ ಕಾರು ಲಂಡನ್ ನಗರದ ಬೀದಿಗಳಲ್ಲಿ ‘ಜೀ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ಅದರ ಆಸನಗಳ ಕೆಳಗೆ ಎಂಟು ಸೀಸ-ಆಮ್ಲದ ಬ್ಯಾಟರಿಗಳಿದ್ದವು. ಒಂದೊಂದೂ ೬ ವೋಲ್ಟಿನದು. ಒಂದರ ಧನಾಗ್ರವನ್ನು ಇನ್ನೊಂದರ ಋಣಾಗ್ರಕ್ಕೆ ಜೋಡಿಸುತ್ತ ಹೋದರೆ ವೋಲ್ಟುಗಳು ಕೂಡುತ್ತವೆ. ಇದಕ್ಕೆ ಶ್ರೇಣಿ ಜೋಡಣೆ ಎಂದು ಹೆಸರು. ಹೀಗೆ ಎಂಟಾರಲ ೪೮ ವೋಲ್ಟುಗಳಾದವು. ಒಂದೊಂದರಲ್ಲಿ ಸುಮಾರು ೨೦೦ ಆಂಪಿಯರ್-ಗಂಟೆಗಳಷ್ಟು ವಿದ್ಯುತ್ತು ಹಿಡಿಯುತ್ತಿದ್ದುದರಿಂದ, ೪೮ನ್ನು ೨೦೦ರಿಂದ ಗುಣಿಸಿದರೆ ೯,೬೦೦ ವಾಟ್-ಗಂಟೆ, ಎಂದರೆ ೯.೬ ಕಿಲೋವಾಟ್-ಗಂಟೆಯಾಗುತ್ತದೆ. ನಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ‘ಯೂನಿಟ್’ ಎಂದು ಬರೆದಿರುವುದು ಈ ಕಿಲೋವಾಟ್-ಗಂಟೆಯನ್ನೇ. ಎಂದರೆ ಆ ಇಡೀ ಕಾರಿನ ಹೊಟ್ಟೆಗೆ ಬೇಕಾದುದು ಹತ್ತು ಯೂನಿಟ್ಟಿಗಿಂತ ಕಡಮೆ.

ಎರಡನೆಯ ನಿದರ್ಶನವು ಜಪಾನ್ ದೇಶದ್ದು. ೨೦೧೦ರ ಡಿಸೆಂಬರಿನಲ್ಲಿ ನಿಸಾನ್ ಕಂಪನಿಯು ‘ಲೀಫ್’ ಎಂಬ ಕಾರನ್ನು ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಮಾರಾಟಕ್ಕಿಟ್ಟಿತು. ಅದರದು ಲಿಥಿಯಮ್-ಅಯಾನ್ ಬ್ಯಾಟರಿ. ಸಾಮರ್ಥ್ಯ ೨೪ ಕಿಲೋವಾಟ್-ಗಂಟೆ. ಅದರಲ್ಲಿ ೧೯೨ ಚಪ್ಪಟೆಯ ಕೋಶಗಳಿದ್ದವು. ನಾಲ್ಕು ನಾಲ್ಕು ಕೋಶಗಳನ್ನು ಒಂದೊಂದು ಲೋಹದ ಡಬ್ಬಿಯಲ್ಲಿಟ್ಟು, ಅಂಥ ೪೮ ಡಬ್ಬಿಗಳನ್ನು ಕಾರಿನ ನೆಲಗಟ್ಟಿನ ಕೆಳಗೆ ಅಳವಡಿಸಿದ್ದರು. ಎರಡೆರಡು ಕೋಶಗಳು ಸಮಾಂತರವಾಗಿ ಜೊತೆಗೂಡಿ, ಆ ೯೬ ಜೊತೆಗಳು ಶ್ರೇಣಿಯಲ್ಲಿ ನಿಂತು, ಒಟ್ಟು ಸುಮಾರು ೩೬೦ ವೋಲ್ಟುಗಳಾಗುತ್ತಿದ್ದವು.

ಇನ್ನು ಬ್ಯಾಟರಿ ದಣಿಯುವುದೇಕೆ? ಸೀಸದ ಬ್ಯಾಟರಿಯಲ್ಲಿ ವಿದ್ಯುತ್ತು ಹೊರಬರುವಾಗ ಫಲಕಗಳ ಮೇಲೆ ಸೀಸದ ಸಲ್ಫೇಟು ಮೂಡುತ್ತದೆ. ಮರಳಿ ತುಂಬಿಸಿದಾಗ ಅದು ಕರಗುತ್ತದೆ. ಅರೆಬರಿದಾದ ಬ್ಯಾಟರಿಯನ್ನು ಬಹುಕಾಲ ಹಾಗೆಯೇ ಬಿಟ್ಟರೆ ಆ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಅಲ್ಲಿಯೇ ನೆಲೆಸುತ್ತದೆ. ಫಲಕಗಳ ಲೇಪವೂ ಕಾಲಕ್ರಮದಲ್ಲಿ ಉದುರುತ್ತದೆ. ಭಟ್ಟಿಯಿಳಿಸಿದ ನೀರನ್ನು ಹೊತ್ತಿಗೆ ಸರಿಯಾಗಿ ತುಂಬದಿದ್ದರೆ ಫಲಕಗಳು ಒಣಗಿ ಕೆಡುತ್ತವೆ. ಲಿಥಿಯಮ್ ಕೋಶದ ಕಥೆ ಬೇರೆ. ಅದರ ಋಣಫಲಕದ ಮೇಲೆ ತೆಳ್ಳನೆಯ ಪೊರೆಯೊಂದು ಬೆಳೆಯುತ್ತದೆ. ಈ ಪೊರೆ ಕೋಶಕ್ಕೆ ರಕ್ಷಣೆಯೂ ಹೌದು, ಹೊರೆಯೂ ಹೌದು. ಅದು ದಪ್ಪನಾದಷ್ಟೂ ಕೆಲಸಮಾಡಬೇಕಾದ ಲಿಥಿಯಮ್ ಅದರಲ್ಲಿ ಸಿಕ್ಕಿ ನಿರುಪಯುಕ್ತವಾಗುತ್ತದೆ. ಶಾಖವು ಹೆಚ್ಚಿದಷ್ಟೂ ಪೊರೆ ಬೇಗ ಬೆಳೆಯುತ್ತದೆ. ಲೀಫ್ ಕಾರಿನ ಬ್ಯಾಟರಿಗೆ ದ್ರವದಿಂದ ತಂಪುಗೊಳಿಸುವ ಏರ್ಪಾಡು ಇರಲಿಲ್ಲ. ಆದುದರಿಂದ ಅಮೆರಿಕದ ಅರಿಜೋನಾ ಪ್ರಾಂತದಂಥ ಸುಡುಬಿಸಿಲಿನ ಸೀಮೆಯಲ್ಲಿ ಎರಡು ವರ್ಷ ತುಂಬುವುದರೊಳಗೆ, ೨೦೧೨ರಲ್ಲಿಯೇ, ಸಾಮರ್ಥ್ಯ ಕುಂದಿತೆಂಬ ದೂರುಗಳು ಬಂದವು. ಬಳಿಕ ಕಂಪನಿಯು ಐದು ವರ್ಷ ಅಥವಾ ೬೦,೦೦೦ ಮೈಲಿಗಳೊಳಗೆ ಸಾಮರ್ಥ್ಯವು ಒಂದು ಮಿತಿಗಿಂತ ಕೆಳಗಿಳಿದರೆ ದುರಸ್ತಿಮಾಡಿಯೋ ಬದಲಿಸಿಯೋ ಕೊಡುವುದಾಗಿ ಭರವಸೆಯಿತ್ತಿತು. ೨೦೧೫ರ ಮಾದರಿಯಿಂದ ಶಾಖವನ್ನು ಹೆಚ್ಚು ತಾಳುವ ಕೋಶಗಳನ್ನು ಬಳಸಿತು.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಎಂಟು ಬ್ಯಾಟರಿಗಳಲ್ಲಿ ಒಂದು ಕೆಟ್ಟರೆ ಆ ಒಂದನ್ನೇ ಬದಲಿಸಿದರೆ ಸಾಲದೇ? ಲೆಕ್ಕ ಹಾಕಿ ನೋಡೋಣ. ರೇವಾ ಕಾರಿನ ಏಳು ಬ್ಯಾಟರಿಗಳು ವಯಸ್ಸಾಗಿ ೨೦೦ರಿಂದ ೧೬೦ ಆಂಪಿಯರ್-ಗಂಟೆಗೆ ಇಳಿದಿವೆ, ಎಂಟನೆಯದು ಮಾತ್ರ ೯೦ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳೋಣ. ಶ್ರೇಣಿ ಜೋಡಣೆಯಲ್ಲಿ ಒಂದೇ ವಿದ್ಯುತ್ ಪ್ರವಾಹವು ಎಲ್ಲದರ ಮೂಲಕವೂ ಹರಿಯಬೇಕು. ಎಂಟನೆಯದು ೯೦ ಕೊಟ್ಟು ಬರಿದಾದೊಡನೆ, ಉಳಿದವುಗಳಲ್ಲಿ ಎಷ್ಟಿದ್ದರೂ, ಕಾರು ನಿಲ್ಲಬೇಕು. ಆಗ ಸಿಕ್ಕುವುದು ೪೮ ಗುಣಿಸು ೯೦, ಎಂದರೆ ೪.೩೨ ಕಿಲೋವಾಟ್-ಗಂಟೆ ಮಾತ್ರ. ಹೊಸ ಕಾರಿನ ಅರ್ಧವೂ ಇಲ್ಲ. ನಿಲ್ಲಿಸದೆ ಓಡಿಸಿದರೆ ಉಳಿದ ಏಳು ಸೇರಿ ಆ ದುರ್ಬಲನ ಮೂಲಕ ಪ್ರವಾಹವನ್ನು ಬಲಾತ್ಕಾರವಾಗಿ ನೂಕುತ್ತವೆ. ಅದರ ಧನ-ಋಣಗಳೇ ತಿರುವುಮುರುವಾಗಿ ಅದು ಪೂರ್ಣವಾಗಿ ಕೆಡುತ್ತದೆ.

ಆ ಒಂದನ್ನು ತೆಗೆದು ೨೦೦ ಆಂಪಿಯರ್-ಗಂಟೆಯ ಹೊಸದನ್ನು ಇಟ್ಟೆವೆನ್ನಿ. ಈಗ ಸಾಮರ್ಥ್ಯ ೯೦ರಿಂದ ೧೬೦ಕ್ಕೆ ಏರಿತು, ೨೦೦ಕ್ಕಲ್ಲ. ಒಟ್ಟು ೭.೬೮ ಕಿಲೋವಾಟ್-ಗಂಟೆ ಸಿಕ್ಕಿತು. ಲಾಭವುಂಟು, ಆದರೆ ಹೊಸ ಬ್ಯಾಟರಿಯ ೪೦ ಆಂಪಿಯರ್-ಗಂಟೆ ಸುಮ್ಮನೆ ಬಿದ್ದಿರುತ್ತದೆ. ತುಂಬಿಸುವಾಗಲೂ ತೊಡಕೇ: ಹಳೆಯವು ಮೊದಲೇ ತುಂಬಿ ಬಿಸಿಯಾಗುತ್ತವೆ, ಹೊಸದು ಇನ್ನೂ ಹಸಿದಿರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ ಒಂದೇ ನೊಗಕ್ಕೆ ಕಟ್ಟಿದವು ಒಂದೇ ಕಸುವಿನವಾಗಿರಬೇಕು. ಆದುದರಿಂದ ನಿಯಮವನ್ನು ಹೀಗೆ ಹೇಳಬಹುದು: ಎಲ್ಲವೂ ಸಮನಾಗಿ ಮುಪ್ಪಾಗಿದ್ದರೆ ಎಲ್ಲವನ್ನೂ ಬದಲಿಸತಕ್ಕದ್ದು, ಒಂದೆರಡು ಮಾತ್ರ ಕೆಟ್ಟಿದ್ದರೆ, ಉಳಿದವುಗಳಿಗೆ ಸರಿಹೊಂದುವ ವಯಸ್ಸಿನ, ಅದೇ ಸಾಮರ್ಥ್ಯದವನ್ನು ಹುಡುಕಿ ಹಾಕತಕ್ಕದ್ದು. ಲೀಫ್ ಕಾರಿನ ೪೮ ಡಬ್ಬಿಗಳಲ್ಲಿ ಒಂದು ಕೆಟ್ಟಾಗ ಜಾಣ ಕುಶಲಕರ್ಮಿಗಳು ಹೊಸ ಡಬ್ಬಿಯನ್ನು ಹುಡುಕುವುದಿಲ್ಲ. ಅದರ ಸಮವಯಸ್ಕ ಡಬ್ಬಿಯನ್ನು ಹುಡುಕುತ್ತಾರೆ.

ಇದೆಲ್ಲಕ್ಕೂ ಮೊದಲು ಅಳತೆ ನಡೆಯಬೇಕು. ವಿಶ್ರಾಂತಿಯಲ್ಲಿರುವ ಕೋಶದ ವೋಲ್ಟನ್ನು ಅಳೆದರೆ ಸತ್ಯ ತಿಳಿಯದು, ದುಡಿಯುವಾಗ ಅಳೆಯಬೇಕು. ವಿದ್ಯಾರ್ಥಿಗಳು ಇದನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಕೈದೀಪದ ಒಂದು ಹೊಸ ಸೆಲ್ಲನ್ನೂ ಒಂದು ಹಳೆಯ ಸೆಲ್ಲನ್ನೂ ತೆಗೆದುಕೊಂಡು, ಚಿಕ್ಕ ಬಲ್ಬನ್ನು ಹೊತ್ತಿಸದೆ ಒಮ್ಮೆ, ಹೊತ್ತಿಸಿ ಒಮ್ಮೆ ವೋಲ್ಟ್‌ಮೀಟರಿನಿಂದ ಅಳೆಯಿರಿ. ಬಲ್ಬು ಹೊತ್ತಿದೊಡನೆ ಹಳೆಯ ಸೆಲ್ಲಿನ ಮುಳ್ಳು ಹೆಚ್ಚು ಕುಸಿಯುವುದು ಕಾಣುತ್ತದೆ. ಕಾರಿನಲ್ಲಿಯೂ ಏರುದಾರಿ ಹತ್ತುವಾಗ ಯಾವ ಕೋಶದ ವೋಲ್ಟು ಉಳಿದವುಗಳಿಗಿಂತ ಹೆಚ್ಚು ಕುಸಿಯುತ್ತದೆಯೋ ಅದೇ ರೋಗಿ. ಲೀಫ್ ಕಾರಿನ ಗಣಕವು ೯೬ ಜೊತೆಗಳ ವೋಲ್ಟುಗಳನ್ನೂ ಬೇರೆ ಬೇರೆಯಾಗಿ ಗಮನಿಸುತ್ತದೆ. ತಕ್ಕ ಉಪಕರಣವನ್ನು ಜೋಡಿಸಿ ಅವನ್ನು ಓದಿಕೊಳ್ಳಬಹುದು. ಚಾಲಕನ ಮುಂದಿರುವ ಫಲಕದಲ್ಲಿ ಸಾಮರ್ಥ್ಯವನ್ನು ತೋರುವ ಹನ್ನೆರಡು ಗೆರೆಗಳಿವೆ. ನಾಲ್ಕು ಗೆರೆಗಳು ಅಳಿದರೆ ಹೊಸತರ ಸಾಮರ್ಥ್ಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಉಳಿದಿದೆಯೆಂದು ತಿಳಿಯಬೇಕು.

ಅಳೆದ ಮೇಲೆ ಬದಲಿಸಲೇಬೇಕೆಂದಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ಲೀಫ್ ಕಾರು ಅಮೆರಿಕ ಸರ್ಕಾರದ ಅಳತೆಯಂತೆ ಒಂದು ಸಲ ತುಂಬಿಸಿದರೆ ೭೩ ಮೈಲಿ, ಎಂದರೆ ಸುಮಾರು ೧೧೭ ಕಿಲೋಮೀಟರು ಓಡುತ್ತಿತ್ತು. ಮೂರರಲ್ಲಿ ಎರಡು ಪಾಲೆಂದರೆ ಸುಮಾರು ೭೮ ಕಿಲೋಮೀಟರು. ದಿನಕ್ಕೆ ೩೦ ಕಿಲೋಮೀಟರು ಓಡಾಡುವ ಕುಟುಂಬಕ್ಕೆ ಇದು ಧಾರಾಳವಾಗಿ ಸಾಕು. ಅಂಥ ಕಾರಿನ ಬ್ಯಾಟರಿಯನ್ನು ಮುದಿಯಾಯಿತೆಂದು ಕಿತ್ತುಹಾಕುವುದು ದುಂದುವೆಚ್ಚ. ಅದೇ ದಿನಕ್ಕೆ ನೂರು ಕಿಲೋಮೀಟರು ಓಡಬೇಕಾದವರಿಗೆ ಬದಲಾವಣೆ ಅವಶ್ಯಕ.

ಬದಲಿಸುವ ಕೆಲಸ ಹೇಗೆ? ಇದು ಮನೆಯಂಗಳದಲ್ಲಿ ಮಾಡತಕ್ಕ ಕೆಲಸವಲ್ಲ. ೩೬೦ ವೋಲ್ಟುಗಳ ನೇರ ಪ್ರವಾಹವು ಮನುಷ್ಯನನ್ನು ಕೊಲ್ಲಬಲ್ಲದು. ತರಬೇತಿ ಪಡೆದ ಕುಶಲಕರ್ಮಿಯು ಮೊದಲು ಕಾರನ್ನು ನಿಲ್ಲಿಸಿ, ೧೨ ವೋಲ್ಟಿನ ಚಿಕ್ಕ ಬ್ಯಾಟರಿಯ ತಂತಿಯನ್ನು ಬಿಚ್ಚುತ್ತಾನೆ. ಅನಂತರ ರಬ್ಬರಿನ ನಿರೋಧಕ ಕೈಚೀಲಗಳನ್ನು ತೊಟ್ಟು, ದೊಡ್ಡ ಬ್ಯಾಟರಿಯ ಶ್ರೇಣಿಯನ್ನು ನಡುವೆ ಕತ್ತರಿಸುವ ರಕ್ಷಣಾ ಬೆಣೆಯನ್ನು ಹೊರತೆಗೆಯುತ್ತಾನೆ. ಆ ಬೆಣೆಯನ್ನು ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ತಿಳಿಯದವರು ಮತ್ತೆ ಸಿಕ್ಕಿಸಬಾರದು. ಮೋಟಾರಿನ ನಿಯಂತ್ರಕದಲ್ಲಿ ಉಳಿದಿರುವ ವಿದ್ಯುತ್ತು ಇಳಿಯಲೆಂದು ಹತ್ತು ನಿಮಿಷವಾದರೂ ಕಾಯಬೇಕು. ಕಾದ ಮೇಲೆಯೂ ವೋಲ್ಟ್‌ಮೀಟರಿನಿಂದ ಅಳೆದು ಸೊನ್ನೆಯೆಂದು ಖಚಿತಪಡಿಸಿಕೊಂಡೇ ತಂತಿಗಳನ್ನು ಮುಟ್ಟಬೇಕು. ಬೆಣೆ ತೆಗೆದರೂ ಬ್ಯಾಟರಿಯ ಎರಡು ಅರ್ಧಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆಂಬುದನ್ನು ಮರೆಯಲಾಗದು. ಬಳಿಕ ಕಾರನ್ನು ಮೇಲೆತ್ತಿ, ಮುನ್ನೂರು ಕಿಲೋದಷ್ಟು ತೂಗುವ ಪೆಟ್ಟಿಗೆಯ ಕೆಳಗೆ ಗಟ್ಟಿಯಾದ ಏರಿಳಿಯುವ ಮೇಜನ್ನು ಇಟ್ಟು, ಬೋಲ್ಟುಗಳನ್ನು ಸಡಿಲಿಸಿ ಮೆಲ್ಲನೆ ಇಳಿಸುತ್ತಾರೆ. ಹೊಸದನ್ನು ಅದೇ ಮಾರ್ಗದಲ್ಲಿ ಏರಿಸಿ, ನಿರೋಧಕತೆಯನ್ನು ಪರೀಕ್ಷಿಸಿ, ಕೊನೆಗೆ ಕಾರಿನ ಗಣಕಕ್ಕೆ ಹೊಸ ಬ್ಯಾಟರಿಯ ಗುರುತನ್ನು ತಿಳಿಸಬೇಕು. ಗುರುತು ಹೊಂದದಿದ್ದರೆ ಕಾರು ಸರಿಯಾಗಿ ನಡೆಯುವುದಿಲ್ಲ. ಯಂತ್ರದ ಮಾಲಿಕನಿಗೆ ಅದನ್ನು ದುರಸ್ತಿಮಾಡಿಸುವ ಹಕ್ಕು ನಿಜವಾಗಿ ಇರಬೇಕಾದರೆ, ಬಿಡಿಭಾಗ ಸಿಕ್ಕಿದರಷ್ಟೇ ಸಾಲದು; ಈ ಗುರುತು ಹೊಂದಿಸುವ ಉಪಕರಣವೂ ಸಾಮಾನ್ಯ ಕಾರ್ಯಾಗಾರಗಳಿಗೆ ಸಿಕ್ಕಬೇಕು.

ತಡವಾಗಿ ಬದಲಿಸುವವರಿಗೆ ಒಂದು ಅನುಕೂಲವೂ ಉಂಟು. ಲಿಥಿಯಮ್ ಬ್ಯಾಟರಿಯ ಬೆಲೆ ೨೦೧೦ರ ಸುಮಾರಿಗೆ ಕಿಲೋವಾಟ್-ಗಂಟೆಗೆ ಸಾವಿರ ಡಾಲರನ್ನು ಮೀರಿದ್ದುದು ೨೦೨೪ರಲ್ಲಿ ಸರಾಸರಿ ೧೧೫ ಡಾಲರಿಗೆ ಇಳಿದಿತ್ತು. ಕೋಶಗಳ ಗುಣವೂ ಹೆಚ್ಚಿದೆ. ೨೦೧೭ರ ಹೊಸ ಲೀಫ್ ಕಾರಿನ ಬ್ಯಾಟರಿಯಲ್ಲಿಯೂ ೧೯೨ ಕೋಶಗಳೇ. ಆದರೆ ಸಾಮರ್ಥ್ಯ ೪೦ ಕಿಲೋವಾಟ್-ಗಂಟೆ. ಇಂಥ ಬ್ಯಾಟರಿಯನ್ನು ಹಳೆಯ ಲೀಫ್ ಕಾರಿಗೆ ಅಳವಡಿಸಿ, ಹೊಸದಾಗಿದ್ದಾಗಿನದಕ್ಕಿಂತ ಹೆಚ್ಚು ದೂರ ಓಡುವಂತೆ ಮಾಡಿದ ಕುಶಲಕರ್ಮಿಗಳಿದ್ದಾರೆ. ರೇವಾ ಕಾರಿಗೂ ೨೦೦೯ರಲ್ಲಿ ಲಿಥಿಯಮ್ ಬ್ಯಾಟರಿಯ ಮಾದರಿ ಬಂದಿತು. ೩.೨ ವೋಲ್ಟಿನ ಲಿಥಿಯಮ್ ಕೋಶಗಳನ್ನು ಹದಿನೈದರಷ್ಟು ಸಾಲಾಗಿ ಜೋಡಿಸಿದರೆ ಆ ಹಳೆಯ ೪೮ ವೋಲ್ಟೇ ಆಗುವುದೆಂಬುದನ್ನು ಓದುಗರು ತಾವೇ ಗುಣಿಸಿ ನೋಡಬಹುದು. ಆದರೆ ಸೀಸದ ಬ್ಯಾಟರಿಗೆ ಮಾಡಿದ ಚಾರ್ಜರು ಲಿಥಿಯಮ್ ಕೋಶಕ್ಕೆ ಒಗ್ಗದು. ಚಾರ್ಜರನ್ನೂ ಬದಲಿಸಿ, ಪ್ರತಿಯೊಂದು ಕೋಶವನ್ನೂ ಕಾಯುವ ಕಾವಲು ಯಂತ್ರವನ್ನು ಇಡದಿದ್ದರೆ ಬೆಂಕಿಯ ಭಯವಿದೆ.

ಉಳಿದುದು ಹಳೆಯ ಬ್ಯಾಟರಿಯ ಪ್ರಶ್ನೆ. ಕಾರಿಗೆ ಸಾಲದಾದುದು ಬೇರೆಲ್ಲಕ್ಕೂ ಸಾಲದೆಂದಲ್ಲ. ೨೦೧೦ರಲ್ಲಿ ನಿಸಾನ್ ಮತ್ತು ಸುಮಿಟೊಮೊ ಕಂಪನಿಗಳು ಕೂಡಿ ‘ಫೋರ್ ಆರ್ ಎನರ್ಜಿ’ ಎಂಬ ಸಂಸ್ಥೆಯನ್ನು ಕಟ್ಟಿದವು. ೨೦೧೧ರ ಅಣುಸ್ಥಾವರದ ದುರಂತದಿಂದ ಜನರು ಬಿಟ್ಟುಹೋಗಬೇಕಾಗಿದ್ದ ಫುಕುಶಿಮಾ ಸೀಮೆಯ ನಾಮಿಯೆ ಪಟ್ಟಣದಲ್ಲಿ ಅದರ ಕಾರ್ಖಾನೆ ೨೦೧೮ರಲ್ಲಿ ಆರಂಭವಾಯಿತು. ಅಲ್ಲಿ ಹಳೆಯ ಲೀಫ್ ಬ್ಯಾಟರಿಗಳ ಒಂದೊಂದು ಡಬ್ಬಿಯನ್ನೂ ಅಳೆದು ವಿಂಗಡಿಸುತ್ತಾರೆ. ಉತ್ತಮವಾದವನ್ನು ಸಮಸಮವಾಗಿ ಕೂಡಿಸಿ ಮತ್ತೆ ಕಾರಿನ ಬ್ಯಾಟರಿಯನ್ನು ಕಟ್ಟಿ, ಆರಂಭದಲ್ಲಿ ೩ ಲಕ್ಷ ಯೆನ್ನುಗಳಿಗೆ ಕೊಟ್ಟರು. ಇದು ಹೊಸ ಬ್ಯಾಟರಿಗಿಂತ ಬಹಳ ಅಗ್ಗ. ಉಳಿದವು ಭಾರ ಎತ್ತುವ ಬಂಡಿಗಳಿಗೂ ವಿದ್ಯುತ್ತನ್ನು ಕೂಡಿಡುವ ಕೆಲಸಕ್ಕೂ ಸಲ್ಲುತ್ತವೆ. ಜಪಾನಿನ ರೈಲ್ವೆ ಗೇಟುಗಳಲ್ಲಿಯೂ ಇವನ್ನು ಇಟ್ಟು ಪರೀಕ್ಷಿಸಿದ್ದಾರೆ.

ಯಾವ ಕೆಲಸಕ್ಕೂ ಬಾರದಾದಾಗ ಅದರ ಲೋಹಗಳನ್ನು ಮರಳಿ ಪಡೆಯಬೇಕು. ಸೀಸವನ್ನು ಬಹುಮಟ್ಟಿಗೆ ಪೂರ್ಣವಾಗಿ ಮರಳಿ ಪಡೆಯಬಹುದು; ಆದರೆ ಗಲ್ಲಿಯ ಮೂಲೆಯ ಕುಲುಮೆಯಲ್ಲಿ ಅದನ್ನು ಕರಗಿಸಿದರೆ ಹೊಗೆ ಮತ್ತು ಧೂಳಿನ ಮೂಲಕ ವಿಷವು ಸುತ್ತಲಿನ ಮಕ್ಕಳ ರಕ್ತವನ್ನು ಸೇರಿ ಅವರ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿಸುತ್ತದೆ. ಲಿಥಿಯಮ್ ಬ್ಯಾಟರಿಯನ್ನು ಕಸದ ರಾಶಿಗೆ ಎಸೆದರೆ ಬೆಂಕಿ ಹೊತ್ತಬಹುದು. ಭಾರತ ಸರ್ಕಾರವು ೨೦೨೨ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಬಳಸುವವರ ಕರ್ತವ್ಯವೂ ಇದೆ: ನಾಲ್ಕು ಕಾಸು ಹೆಚ್ಚು ಸಿಕ್ಕುವುದೆಂದು ಅದನ್ನು ಕಂಡಕಂಡವರಿಗೆ ಮಾರಬಾರದು.

ಮೊದಲು ಕೇಳಿದ ಪ್ರಶ್ನೆಗೆ ಇಷ್ಟರಿಂದ ಉತ್ತರ ಹೊರಡುತ್ತದೆ. ಬ್ಯಾಟರಿ ದಣಿದ ಕಾರು ಸತ್ತ ಕಾರಲ್ಲ. ಎಷ್ಟು ದಣಿದಿದೆಯೆಂದು ಅಳೆಯಬೇಕು. ನಮ್ಮ ಅಗತ್ಯವೆಷ್ಟೆಂದು ಲೆಕ್ಕ ಹಾಕಬೇಕು. ಬದಲಿಸುವುದಾದರೆ ಸಮಾನವಾದುದನ್ನು ಸಮಾನವಾದುದರ ಜೊತೆಗೆ ಸೇರಿಸಬೇಕು. ತೆಗೆದುದಕ್ಕೆ ತಕ್ಕ ನೆಲೆಯನ್ನು ತೋರಿಸಬೇಕು. ಮುಂದಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ಇಂಥ ಕಾರುಗಳೂ ರಿಕ್ಷಾಗಳೂ ಬಸ್ಸುಗಳೂ ಮುಪ್ಪಾಗುತ್ತ ಬರುತ್ತವೆ. ಅವುಗಳಲ್ಲಿ ಯಾವುದಕ್ಕೆ ಚಿಕಿತ್ಸೆ ಸಾಕು, ಯಾವುದಕ್ಕೆ ಹೊಸ ಬ್ಯಾಟರಿ ಬೇಕು ಎಂದು ತೀರ್ಮಾನಿಸಬಲ್ಲವರು ಬಹುಮಂದಿ ಬೇಕಾಗುತ್ತಾರೆ. ಇಂದು ವೋಲ್ಟ್‌ಮೀಟರಿನ ಮುಳ್ಳನ್ನು ಸರಿಯಾಗಿ ಓದಲು ಕಲಿಯುವ ವಿದ್ಯಾರ್ಥಿಯು ಆ ಕೆಲಸಕ್ಕೆ ಮೊದಲ ಹೆಜ್ಜೆಯಿಟ್ಟಂತೆಯೇ ಸರಿ.