ಗುಂಪಿನೊಳಗೊಂದು ಗುಂಪು

ನಮ್ಮ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಹೆಸರನ್ನು ನೀವೆಲ್ಲರೂ ಕೇಳಿರಬಹುದು. 1917ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಮಹಾಭಾರತದ ಹಸ್ತಪ್ರತಿಗಳನ್ನು ಒಂದರೊಡನೊಂದು ಹೋಲಿಸಿ, ಪರಿಷ್ಕೃತ ಪಾಠವನ್ನು ಸಿದ್ಧಗೊಳಿಸುವ ಕಾರ್ಯವನ್ನು 1919ರಲ್ಲಿ ಆರಂಭಿಸಿ 1966ರಲ್ಲಿ ಪೂರ್ಣಗೊಳಿಸಿತು. 1925ರಿಂದ 1943ರವರೆಗೆ ಇದರ ಪ್ರಧಾನ ಸಂಪಾದಕರಾಗಿದ್ದವರು ಡಾ. ವಿ. ಎಸ್. ಸುಕ್ಥಂಕರರು.

ಅವರು ಆದಿಪರ್ವದ ಪ್ರತಿಗಳನ್ನು ಮೊದಲು ಉತ್ತರ, ದಕ್ಷಿಣ ಎಂಬ ಎರಡು ದೊಡ್ಡ ಗುಂಪುಗಳಾಗಿ ವಿಂಗಡಿಸಿದರು. ಉತ್ತರದೊಳಗೆ ವಾಯವ್ಯ ಮತ್ತು ಮಧ್ಯ ಎಂಬ ಉಪಗುಂಪುಗಳು. ವಾಯವ್ಯದಲ್ಲಿ ಕಾಶ್ಮೀರದ ಶಾರದಾ ಪ್ರತಿ. ಮಧ್ಯದಲ್ಲಿ ನೇಪಾಳಿ, ಮೈಥಿಲಿ, ಬಂಗಾಳಿ ಮೊದಲಾದವು. ದಕ್ಷಿಣದಲ್ಲಿ ತೆಲುಗು, ಗ್ರಂಥ, ಮಲಯಾಳ ಲಿಪಿಗಳ ಪ್ರತಿಗಳು. ಹೀಗೆ ವಿಂಗಡಿಸಿದುದೇಕೆ? ಒಂದೇ ಗುಂಪಿನ ಹತ್ತು ಪ್ರತಿಗಳು ಒಂದೇ ಮೂಲವನ್ನು ನೋಡಿ ಬರೆದವಾಗಿರಬಹುದು. ಅವು ಹತ್ತು ಸಾಕ್ಷಿಗಳಾಗಲಾರವು. ಉತ್ತರ ದಕ್ಷಿಣಗಳೆರಡೂ ಸ್ವತಂತ್ರವಾಗಿ ಒಪ್ಪುವ ಪಾಠಕ್ಕೇ ಹೆಚ್ಚಿನ ಬೆಲೆ. ಗಣೇಶನು ವ್ಯಾಸರ ಲಿಪಿಕಾರನಾದ ಪ್ರಸಿದ್ಧ ಕಥೆಗೂ ಸಾಕಷ್ಟು ಸಾಕ್ಷ್ಯ ದೊರೆಯದೆ, ಅದು ಪರಿಶಿಷ್ಟಕ್ಕೆ ಸರಿಯಬೇಕಾಯಿತು.

ಇಂಥ ವಿಂಗಡಣೆಯನ್ನು ಗಣಕಯಂತ್ರಕ್ಕೆ ತಿಳಿಸುವ ಬಗೆ ಹೇಗೆ? ಅದಕ್ಕೊಂದು ಸಾಧನ ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಕ್ರಮ. 1998ರಲ್ಲಿ ಇದರ ನಿಯಮಗಳು ಅಧಿಕೃತವಾಗಿ ಪ್ರಕಟವಾದವು. ಪ್ರತಿಯೊಂದು ವಿಷಯವನ್ನೂ ತೆರೆಯುವ ಗುರುತು, ಮುಚ್ಚುವ ಗುರುತುಗಳ ನಡುವೆ ಇಡುವುದು ಇದರ ರೀತಿ. ಮುಚ್ಚುವ ಗುರುತಿನಲ್ಲಿ ಒಂದು ಓರೆಗೆರೆಯಿರುತ್ತದೆ. ಗುರುತಿನ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಬಹುದೆಂಬುದು ನಮಗೆ ಸಂತೋಷದ ಸಂಗತಿ. ಮೇಲಿನ ವಿಂಗಡಣೆಯ ಒಂದು ಭಾಗವನ್ನು ಬರೆದು ನೋಡೋಣ:

<ಗುಂಪು ಹೆಸರು="ಆದಿಪರ್ವ">
  <ಗುಂಪು ಹೆಸರು="ಉತ್ತರ">
    <ಗುಂಪು ಹೆಸರು="ವಾಯವ್ಯ">
      <ಪ್ರತಿ>ಶಾರದಾ</ಪ್ರತಿ>
    </ಗುಂಪು>
    <ಗುಂಪು ಹೆಸರು="ಮಧ್ಯ">
      <ಪ್ರತಿ>ಬಂಗಾಳಿ</ಪ್ರತಿ>
    </ಗುಂಪು>
  </ಗುಂಪು>
  <ಗುಂಪು ಹೆಸರು="ದಕ್ಷಿಣ">
    <ಪ್ರತಿ>ಮಲಯಾಳ</ಪ್ರತಿ>
  </ಗುಂಪು>
</ಗುಂಪು>

ಇಲ್ಲಿ ಮೂರು ನಿಯಮಗಳನ್ನು ಗಮನಿಸಿರಿ. ಒಂದನೆಯದು, ಇಡೀ ಕಡತವನ್ನು ಒಂದೇ ಹೊರಗುಂಪು ಆವರಿಸಿರಬೇಕು. ಎರಡನೆಯದು, ಕೊನೆಗೆ ತೆರೆದುದನ್ನು ಮೊದಲು ಮುಚ್ಚಬೇಕು. ಡಬ್ಬಿಯೊಳಗೆ ಡಬ್ಬಿಯನ್ನಿಟ್ಟಾಗ ಒಳಗಿನದರ ಮುಚ್ಚಳವನ್ನು ಮೊದಲು ಹಾಕುವಂತೆ. ಮೂರನೆಯದು, ಗುಂಪಿನ ವ್ಯಾಖ್ಯೆ: “ಗುಂಪಿನೊಳಗೆ ಪ್ರತಿಗಳಿರಬಹುದು, ಇಲ್ಲವೆ ಬೇರೆ ಗುಂಪುಗಳಿರಬಹುದು.” ವ್ಯಾಖ್ಯೆಯಲ್ಲಿ ಗುಂಪೆಂಬ ಮಾತೇ ಮರಳಿ ಬಂದಿರುವುದರಿಂದ, ಈ ಒಂದೇ ವಾಕ್ಯವು ಎಷ್ಟು ಆಳದ ವಿಂಗಡಣೆಗಾದರೂ ಸಾಕಾಗುತ್ತದೆ. ಇಂಥ ವ್ಯಾಖ್ಯೆಯನ್ನು ಮೊದಲೇ ಬರೆದುಕೊಟ್ಟರೆ, ಕಡತವು ಅದಕ್ಕೆ ಹೊಂದುವುದೋ ಇಲ್ಲವೋ ಎಂಬುದನ್ನು ಯಂತ್ರವೇ ಪರೀಕ್ಷಿಸುತ್ತದೆ.

ಆದರೆ ಈ ಪರೀಕ್ಷೆಗೂ ಒಂದು ಮಿತಿಯುಂಟು. ಉತ್ತರದ ಗುಂಪನ್ನು ಮುಚ್ಚುವ ಗುರುತನ್ನು ಅಲ್ಲಿಂದ ತೆಗೆದು ಕಡತದ ಕೊನೆಗೆ ಸೇರಿಸಿದೆವೆನ್ನಿರಿ. ಮುಚ್ಚುವ ಗುರುತುಗಳೆಲ್ಲವೂ ಒಂದೇ ರೂಪದವು, ಲೆಕ್ಕವೂ ಸರಿಯಾಗಿಯೇ ಇದೆ, ವ್ಯಾಖ್ಯೆಗೂ ಭಂಗವಿಲ್ಲ. ಯಂತ್ರವು ಯಾವ ದೋಷವನ್ನೂ ತೋರಿಸದು. ಆದರೂ ದಕ್ಷಿಣದ ಗುಂಪು ಉತ್ತರದ ಒಳಗೆ ಸೇರಿಹೋಗಿರುತ್ತದೆ! ಆಗ ಎರಡು ಸ್ವತಂತ್ರ ಸಾಕ್ಷಿಗಳಿದ್ದಲ್ಲಿ ಒಂದೇ ಉಳಿಯುತ್ತದೆ. ಯಾವ ಪಾಠ ಹಳೆಯದೆಂಬ ತೀರ್ಮಾನವೇ ತಲೆಕೆಳಗಾಗುತ್ತದೆ. ಒಂದೊಂದು ಮಟ್ಟಕ್ಕೂ ಸಾಲನ್ನು ಸ್ವಲ್ಪ ಒಳಸರಿಸಿ ಬರೆಯುವುದು ಈ ಕಾರಣದಿಂದಲೇ. ಅದು ಯಂತ್ರಕ್ಕಾಗಿ ಅಲ್ಲ, ನಮ್ಮ ಕಣ್ಣಿಗಾಗಿ.

ಆದುದರಿಂದ ಆವರಣಗಳನ್ನು ಕಾಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಯಾವುದು ಯಾವುದರೊಳಗೆ ಸೇರಬೇಕೆಂಬುದನ್ನು ಮಾತ್ರ ವಿಷಯವನ್ನು ಬಲ್ಲವರೇ ನಿರ್ಣಯಿಸಬೇಕು. ನಿಮ್ಮ ಶಾಲೆಯ ವಾಚನಾಲಯದ ಪುಸ್ತಕಗಳನ್ನು ಇದೇ ರೀತಿ ಗುಂಪುಗೂಡಿಸಿ ಬರೆದು ನೋಡಿರಿ. ಗುರುತುಗಳನ್ನು ಹಾಕುವುದಕ್ಕಿಂತ ಗುಂಪುಗಳನ್ನು ಯೋಚಿಸುವುದಕ್ಕೇ ಹೆಚ್ಚು ಸಮಯ ಹಿಡಿಯುವುದನ್ನು ನೀವೇ ಕಾಣುವಿರಿ.